ಕ್ರೂಸಿನ ಕೊನೇ ದಿನ ಅಪ್ಪಯ್ಯನ ನೋಟ್‌ಬುಕ್ಕನ್ನು ಸೂಟ್‌ಕೇಸಿಗೆ ಹಾಕಿಬಿಟ್ಟೆ. ಅಜ್ಜ-ಅಜ್ಜಿಯರ ಜೊತೆ ಹೋದವರು ಆ ದಿನ ಹೇಗೆ ಕಳೆದಿರಿ?

ಮಲೆನಾಡ ಮಗಳು, ಬಾಥೆಲ್

ಎಲ್ಲರಿಗೂ ನಮಸ್ಕಾರ. ಉದ್ದ ಬರೀತಿದ್ದೇನೆ, ಪುರುಸೊತ್ತಿದ್ದಾಗ ಓದಿ.

ಅಪ್ಪಯ್ಯ, ಅಮ್ಮ ಏಪ್ರಿಲ್‌ನಲ್ಲಿ ತೀರ್ಥಹಳ್ಳಿಯಿಂದ ಇಲ್ಲಿಗೆ, ಅಮೆರಿಕಕ್ಕೆ ಬಂದಿದ್ದಾರೆ, ಸೆಪ್ಟೆಂಬರ್ ಕೊನೆಗೆ ವಾಪಸ್ಸು. ಹೋದ ವಾರ ಸಿಯಾಟಲ್‌ನಿಂದ ಏಳು ರಾತ್ರಿಯ ಅಲಾಸ್ಕಾ ಕ್ರೂಸಿಗೆ ಹೋಗಿ ಬಂದೆವು. ನಾವಿಬ್ಬರು, ಮಕ್ಕಳಿಬ್ಬರು, ಅಜ್ಜ, ಅಮ್ಮಮ್ಮ. ಜೂನೋ, ಗ್ಲೇಸಿಯರ್ ಬೇ, ಸಿಟ್ಕಾ, ಕೆಚಿಕನ್, ಕೊನೆಗೆ ಕೆನಡಾದ ವಿಕ್ಟೋರಿಯಾ.

ಅಪ್ಪಯ್ಯ 31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವರು. ಕಪ್ಪು ಹಲಗೆ ಮೇಲೆ ಪ್ರತಿ ವರ್ಷ ಹಿಮನದಿ ಬಿಡಿಸಿದವರು, ಕಣ್ಣಾರೆ ಕಂಡದ್ದು ಇದೇ ಮೊದಲು. ಹೊರಡೋ ಮೊದಲೇ ಒಂದು 200 ಪುಟದ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿಕೊಂಡಿದ್ದರು: ತಾರೀಕು, ಊರು, ಅಕ್ಷಾಂಶ, ಉಷ್ಣಾಂಶ, ಮಳೆ, ಕಂಡದ್ದು. ಹಡಗು ಎಲ್ಲಿದೆ ಅಂತ ತೋರಿಸೋ ಚಾನೆಲ್ ಒಂದು ಕ್ಯಾಬಿನ್ ಟಿವಿಯಲ್ಲಿ ಇರ್ತದಲ್ಲ, ಅದನ್ನು ನೋಡಿ ದಿನಾ ಮಧ್ಯಾಹ್ನ 12ಕ್ಕೆ ತುಂಬಿಸ್ತಿದ್ದರು.

ಗ್ಲೇಸಿಯರ್ ಬೇ ದಿನ ಅವರನ್ನು ಹಿಡಿಯೋರೇ ಇರಲಿಲ್ಲ. ಪಾರ್ಕಿನ ರೇಂಜರುಗಳು ಹಡಗು ಹತ್ತಿ ಮೈಕಿನಲ್ಲಿ ಹೇಳ್ತಿದ್ದದ್ದನ್ನು ಇವರು ರೇಲಿಂಗ್ ಹಿಡಿದುಕೊಂಡು ಮಕ್ಕಳಿಗೆ ಕನ್ನಡದಲ್ಲಿ ಪಾಠ ಮಾಡಿದರು. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರ್‌ನ ಹಡಗುಗಳು ಈ ಕಡೆ ಬಂದಾಗ ಕೊಲ್ಲಿ ಅಂತ ಹೇಳುವಂಥದ್ದೇ ಇರಲಿಲ್ಲ, ಬಾಯಲ್ಲೇ ಹಿಮದ ಗೋಡೆ. 1879ರಲ್ಲಿ ಪ್ರಕೃತಿ ತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಬರೋ ಹೊತ್ತಿಗೆ ಅದು 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಮಾರ್ಜರಿ ಹಿಮನದಿಯ ಮುಖ ನೋಡಬೇಕಾದರೆ 60 ಮೈಲಿ ದಾಟಿ ಒಳಗೆ ಬರಬೇಕು. ಹಿಮದ ತುಂಡು ಕಳಚಿ ನೀರಿಗೆ ಬಿದ್ದದ್ದು ಮೊದಲು ಕಾಣಿಸಿತು, ಸದ್ದು ಆಮೇಲೆ ಬಂತು. ಇಲ್ಲಿನ ಮೂಲದವರಾದ ತ್ಲಿಂಗಿಟ್ ಜನ ಅದಕ್ಕೆ 'ಬಿಳಿ ಗುಡುಗು' ಅಂತಾರಂತೆ. ಐದು ವರ್ಷದ ಮಗಳು ಅದೊಂದು ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

ಕೆಚಿಕನ್ ಪೇಟೆಯಲ್ಲಿ ಒಂದು ದೊಡ್ಡ ಮಳೆ ಮಾಪಕದ ಫಲಕ ನಿಲ್ಲಿಸಿದ್ದಾರೆ. 1949ರಲ್ಲಿ ಬಿದ್ದ 202.55 ಇಂಚು ಆ ಊರಿನ ದಾಖಲೆ. ಅಪ್ಪಯ್ಯ ಅದರ ಮುಂದೆ ಕೊಡೆ ಹಿಡಿದು ನಿಂತು ಬಾಯಲ್ಲೇ ಗುಣಾಕಾರ ಮಾಡಿದರು. "5,145 ಮಿಲಿಮೀಟರ್. ಇದು ಇವರ ದಾಖಲೆ ಮಾರಾಯ್ತಿ. ನಮ್ಮ ಆಗುಂಬೆಯಲ್ಲಿ ಸಾಧಾರಣ ವರ್ಷದಲ್ಲೇ 7,000 ದಾಟ್ತದೆ" ಅಂದರು. ಅವರ ಮುಖದಲ್ಲಿ ಅಂಥಾ ಖುಷಿ ನಾನು ಬಹಳ ವರ್ಷದಿಂದ ಕಂಡಿರಲಿಲ್ಲ.

ಈಗ ಕೊನೇ ದಿನಕ್ಕೆ ಬರ್ತೇನೆ. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ, ಹಾಗಾಗಿ ಹಿಂದಿನ ರಾತ್ರಿಯೇ ಗಡಿಯಾರ ಮುಂದೆ ಹೋಗಿ ಒಂದು ಗಂಟೆ ನಿದ್ದೆ ಕಡಿಮೆ. ಹಡಗು ವ್ಯಾಂಕೂವರ್ ದ್ವೀಪದ ಪಡುವಣಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೊರಟಿತ್ತು. ಅಷ್ಟು ದಿನ ಕೊಲ್ಲಿಯ ಒಳಗಿನ ಅಲೆಯಿಲ್ಲದ ನೀರು ಕಂಡಿದ್ದ ಅಮ್ಮನಿಗೆ ಆ ಓಲಾಟ ಹಿಡಿಸಲಿಲ್ಲ, ಮಲಗಿದ್ದರು. ರಾತ್ರಿ 8ಕ್ಕೆ ವಿಕ್ಟೋರಿಯಾ, 11ರೊಳಗೆ ಪೆಟ್ಟಿಗೆಗಳು ಬಾಗಿಲ ಹೊರಗೆ. ವಿಕ್ಟೋರಿಯಾದಿಂದ ಬಂದಮೇಲೆ ಆಗೋದಲ್ಲ ಅಂತ ನಾನು ಬೆಳಿಗ್ಗೆಯಿಂದಲೇ ಪ್ಯಾಕಿಂಗಿಗೆ ಇಳಿದೆ. ಅಪ್ಪಯ್ಯ ಟಿವಿ ಮುಂದೆ ಕೂತಿದ್ದರು. "ಅಪ್ಪಯ್ಯ, ಸ್ವಲ್ಪ ಏಳಿ, ಇಲ್ಲಿ ಜಾಗ ಬೇಕು" ಅಂದೆ. ಎದ್ದು ಹೊರಗೆ ಡೆಕ್ಕಿಗೆ ಹೋದರು. ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿ ತುಂಬಿದೆ.

ಸಂಜೆ ಎಲ್ಲರನ್ನೂ ಹೊರಡಿಸಿಕೊಂಡು ವಿಕ್ಟೋರಿಯಾಕ್ಕೆ ಇಳಿದೆವು. ಅಪ್ಪಯ್ಯ "ನಾನು ಇಲ್ಲೇ ಕೂರ್ತೇನೆ" ಅಂದರು, ನಾನು ಕೇಳಲಿಲ್ಲ.

ಬೆಳಿಗ್ಗೆ 5ಕ್ಕೆ ಎಚ್ಚರಾದಾಗ ಅವರು ಸ್ನಾನ ಮುಗಿಸಿ, ಸ್ವೆಟರ್ ಹಾಕಿ, ಕಿಟಕಿ ಹತ್ತಿರ ಕೂತಿದ್ದರು. ಹೊರಗೆ ಸಿಯಾಟಲ್ ಪಕ್ಕದ ಕೊಲ್ಲಿ ಪ್ಯೂಜೆಟ್ ಸೌಂಡಿನ ದಡದ ದೀಪಗಳು. "ಪುಟ್ಟೀ, ಆ ನೋಟ್‌ಬುಕ್ ಎಲ್ಲಿಟ್ಟಿದೀಯೇ?" ಅಂತ ಕೇಳಿದರು. ದೊಡ್ಡ ಸೂಟ್‌ಕೇಸಿನಲ್ಲಿ ಅದು ಆಗಲೇ ಹಡಗಿನ ಹೊಟ್ಟೆಗೆ ಹೋಗಿತ್ತು. ಹಿಂದಿನ ದಿನದ ಸಾಲನ್ನೂ ತುಂಬಿರಲಿಲ್ಲ, ನಾನು ಎಬ್ಬಿಸಿದ್ದು 12 ಗಂಟೆಗೆ ಮುಂಚೆಯೇ. "ಆಗ್ಲಿ ಬಿಡು" ಅಂದರು. ಅಷ್ಟೇ.

ಅವರು ಬೈದಿದ್ದರೆ ಆಗ್ತಿತ್ತು. ಮುಂದೆ ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗೋರು ಇಲ್ಲಿ ಬಹಳ ಜನ ಇದ್ದೀರಿ. ಹೋಗಿ ಬಂದವರು ಹೇಳಿ: ಆ ಕೊನೇ ಒಂದೂವರೆ ದಿನ ನೀವು ಏನು ಮಾಡಿದಿರಿ, ಏನು ಬಿಟ್ಟಿರಿ?

ಕುಂದಾಪ್ರದ್ ಗಂಡ್

ಅಕ್ಕ, ನಾನ್ 11 ವರ್ಷ ಶಿಪ್ಪಲ್ ಕ್ಯಾಬಿನ್ ಕೆಲ್ಸ ಮಾಡ್ದವ. ಈಗ ಊರಗೇ ಸಣ್ಣ ಅಂಗ್ಡಿ ಇತ್. ನಮ್ ಭಾಷಿ ಎಲ್ಲರಿಗೂ ಅರ್ಥ ಆತಿಲ್ಲೆ, ಅದಕ್ಕೆ ಪುಸ್ತಕದ ಕನ್ನಡದಲ್ಲೇ ಬರೀತೇನೆ.

ನಿಮ್ಮ ತಪ್ಪು ಅಂತ ತಲೆ ಕೆಡಿಸ್ಕೊಬೇಡಿ. ಆ ಗಡುವು ಹಡಗಿನ ಕೆಲಸದಿಂದ ಬಂದದ್ದು. ಬಾಗಿಲ ಹೊರಗಿನ ಪೆಟ್ಟಿಗೆಗಳನ್ನು ರಾತ್ರಿ 10ರಿಂದ ಎತ್ತೋಕೆ ಶುರು ಮಾಡ್ತೇವೆ. ಕೆಳಗೆ ಸಿಬ್ಬಂದಿ ಮಾತ್ರ ಓಡಾಡುವ ಒಂದು ಉದ್ದ ದಾರಿ ಇದೆ, ಅಮೆರಿಕದ ಹೆದ್ದಾರಿಯ ಹೆಸರಿಟ್ಟು ಅದನ್ನು 'ಐ-95' ಅಂತ ಕರೀತೇವೆ. ಅಲ್ಲಿ ಚೀಟಿಯ ಬಣ್ಣ, ನಂಬರು ನೋಡಿ ಕಬ್ಬಿಣದ ಪಂಜರದಂಥ ಗಾಡಿಗಳಿಗೆ ತುಂಬ್ತೇವೆ. ಸಾವಿರಾರು ಪೆಟ್ಟಿಗೆ. ಒಮ್ಮೆ ಅದರೊಳಗೆ ಸೇರಿದ ಮೇಲೆ ಒಂದು ನೋಟ್‌ಬುಕ್ ಬೇಕು ಅಂದರೆ ಯಾರ ಕೈಲೂ ಆಗದು. ಬರೀ ನೈಟಿ, ಲುಂಗಿಯಲ್ಲಿ ಉಳಿದವರನ್ನು ನೋಡಿದ್ದೇನೆ, ನಾಳೆಯ ಬಟ್ಟೆಯೂ ಪೆಟ್ಟಿಗೆಯಲ್ಲಿ ಹೋಗಿಬಿಟ್ಟಿರ್ತದೆ. ಪಾಸ್‌ಪೋರ್ಟ್ ಹೋದವರನ್ನೂ ನೋಡಿದ್ದೇನೆ.

ಬೆಳಿಗ್ಗೆ 7ಕ್ಕೆ ಹಡಗು ಕಟ್ಟಿದರೆ 10ರೊಳಗೆ ಎಲ್ಲರೂ ಇಳಿದಾಗಬೇಕು, ಮಧ್ಯಾಹ್ನದ ಹೊತ್ತಿಗೆ ಹೊಸಬರು ಹತ್ತುತ್ತಾರೆ. ಆ ಸಂದಿನಲ್ಲಿ ನನ್ನ ಲೆಕ್ಕಕ್ಕೆ 15ರ ಮೇಲೆ ರೂಮು. 8 ಗಂಟೆಗೆ ಬಾಗಿಲು ತಟ್ಟುವವರನ್ನು ಕಂಡು ಹಿರಿಯರು ಗಾಬರಿ ಆಗ್ತಾರೆ, ನಮ್ಮನ್ನು ಓಡಿಸ್ತಾರೆ ಅಂತ. ಅವರನ್ನು ನಿಲ್ಲಿಸಿ ನಾಲ್ಕು ಮಾತಾಡುವ ಅಂದರೆ ನಮಗೆ ಉಸಿರಿಲ್ಲ.

ನಾನು ನೋಡಿ ಕಲಿತದ್ದು ಹೇಳ್ತೇನೆ. ಅಜ್ಜ-ಅಜ್ಜಿ ಜೊತೆ ಇದ್ದರೆ ಕೊನೆಗೆ ಇಳಿಯುವ ಗುಂಪಿನ ಚೀಟಿ ಕೇಳಿ ತೆಗೆದುಕೊಳ್ಳಿ, ಬೆಳಗಿನ ತಿಂಡಿ ನಿಧಾನಕ್ಕೆ ಆಗ್ತದೆ. ಗಾಲಿಕುರ್ಚಿ ಬೇಕಾದರೆ ಹಿಂದಿನ ದಿನವೇ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಹೆಸರು ಬರೆಸಿ. ಬೆಳಿಗ್ಗೆ ಕೇಳಿದರೆ ನಿಮ್ಮ ಮುಂದೆ ಐವತ್ತು ಜನ ಇರ್ತಾರೆ. ದೊಡ್ಡವರ ಒಂದು ಚೀಲವನ್ನು ಹೊರಗಿಡಲೇಬೇಡಿ, ನೀವೇ ಎಳೆದುಕೊಂಡು ಇಳೀರಿ. ತಿಂಡಿಯ ಬಾಳೆಹಣ್ಣು, ಸೇಬು ಚೀಲಕ್ಕೆ ಹಾಕಿಕೊಳ್ಳೋದಕ್ಕೆ ಅಜ್ಜಿಯರನ್ನು ಬಿಡಬೇಡಿ, ಕೆಳಗೆ ಕಸ್ಟಮ್ಸಿನವರು ಹಣ್ಣು ಬಿಡೋದಿಲ್ಲ.

ಕ್ಯಾಬಿನ್ ನೋಡಿಕೊಂಡವನಿಗೆ ಏನಾದರೂ ಹೇಳಬೇಕಿದ್ದರೆ ಹಿಂದಿನ ಸಂಜೆಯೇ ಹೇಳಿ. ನನ್ನ ಎಂಟು ತಿಂಗಳ ಕಾಂಟ್ರಾಕ್ಟಿನ ಆರನೇ ತಿಂಗಳು. ಉಡುಪಿ ಕಡೆಯ ಒಬ್ಬರು ಅಮ್ಮ ಕೊನೇ ಸಂಜೆ ಚಟ್ನಿಪುಡಿ ಡಬ್ಬಿ ಕೈಯಲ್ಲಿಟ್ಟು "ಉಂಡ್ಯಾ ಮಗಾ?" ಅಂತ ಕೇಂಡ್ರು. ಆರು ತಿಂಗಳಗೆ ಯಾರೂ ಕೇಂಡಿರ್ಲಿಲ್ಲೆ. ಆ ಡಬ್ಬಿ ಇನ್ನೂ ನಮ್ಮನೇಲಿ ಇತ್.

ಹೊಸ ಪ್ರಯಾಣಿಕ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಅಪ್ಪ-ಅಮ್ಮನಿಗೆ ಅಮೆರಿಕದ ವೀಸಾ ಮಾತ್ರ ಇದೆ. ವಿಕ್ಟೋರಿಯಾದಲ್ಲಿ ಹಡಗಿನಿಂದ ಇಳಿಯೋದೇ ಇಲ್ಲ ಅಂದರೆ ಕೆನಡಾ ವೀಸಾ ಬೇಡ ಅಲ್ವಾ?

ಮಲೆನಾಡ ಮಗಳು, ಬಾಥೆಲ್

ಬೇಕು. ಇಳಿಯದಿದ್ದರೂ ಬೇಕು. ಭಾರತದ ಪಾಸ್‌ಪೋರ್ಟಿಗೆ ಸಿಯಾಟಲ್‌ನಲ್ಲಿ ಹತ್ತುವಾಗಲೇ ಕೇಳ್ತಾರೆ, ಇಲ್ಲದಿದ್ದರೆ ಹತ್ತಿಸೋದೇ ಇಲ್ಲ. ನಾವು ತಿಂಗಳುಗಳ ಮೊದಲೇ ಅರ್ಜಿ ಹಾಕಿದ್ದೆವು. ಅಮೆರಿಕದ ವೀಸಾ ಕೂಡ ಹಲವು ಸಲ ಒಳಬರಲು ಬಿಡುವಂಥದ್ದು ಇರಬೇಕು.

ಅಲಾಸ್ಕಾಕ್ಕೆ ಹೋಗೋ ಹಡಗು ಕೆನಡಾ ಯಾಕೆ ಮುಟ್ಟಬೇಕು ಅಂತ ಅಪ್ಪಯ್ಯನಿಗೂ ಕುತೂಹಲ ಆಗಿತ್ತು. ಅಮೆರಿಕದಲ್ಲಿ 1886ರ ಒಂದು ಕಾಯ್ದೆ ಇದೆ. ವಿದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರುಗಳ ನಡುವೆ ಜನರನ್ನು ಹೀಗೆ ಸುತ್ತಾಡಿಸಬೇಕಾದರೆ ಮಧ್ಯೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಈ ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಮ್ಮಿ ಎಲ್ಲವೂ ವಿದೇಶದಲ್ಲೇ ನೋಂದಣಿ ಆದವು. 2021ರಲ್ಲಿ ಕೊರೊನಾ ಅಂತ ಕೆನಡಾ ಬಂದರು ಮುಚ್ಚಿದಾಗ ಅಲಾಸ್ಕಾದ ಸಲುವಾಗಿ ಬೇರೆ ಕಾನೂನೇ ಮಾಡಬೇಕಾಯ್ತು. ಕೊನೇ ರಾತ್ರಿ ಎಲ್ಲರೂ ಸುಸ್ತಾಗಿರುವಾಗ ವಿಕ್ಟೋರಿಯಾ ಬರೋದು ಇದರಿಂದ.

ಮೈಸೂರು ಡಾಕ್ಟರಮ್ಮ

ವೈದ್ಯೆಯಾಗಿ ಎರಡು ಮಾತು ಸೇರಿಸ್ತೇನೆ.

ಮಾತ್ರೆ ಡಬ್ಬಿ, ಇನ್ಸುಲಿನ್, ಸಕ್ಕರೆ ನೋಡೋ ಯಂತ್ರ, ಕನ್ನಡಕ, ಹಲ್ಲುಸೆಟ್ಟಿನ ಡಬ್ಬ, ಕಿವಿಯ ಯಂತ್ರದ ಬ್ಯಾಟರಿ, ಇಷ್ಟೂ ಕೈಚೀಲದಲ್ಲಿ ಇರಲಿ. ಪೆಟ್ಟಿಗೆ ಹೊರಗಿಡುವ ಮೊದಲು ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಿ. ಗಡಿಯಾರ ಒಂದು ಗಂಟೆ ಮುಂದೆ ಹೋದ ಬೆಳಿಗ್ಗೆ, ಸಾಲು ಎಷ್ಟು ಹೊತ್ತಾಗ್ತದೋ ಗೊತ್ತಿಲ್ಲದ ಬೆಳಿಗ್ಗೆ, ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ತಿಂಡಿ ತಿನ್ನದೆ ನಿಂತುಬಿಡ್ತಾರೆ. ಬೆವರು, ಕೈ ನಡುಕ ಬಂದರೆ ತಕ್ಷಣ ಸಿಹಿ ಕೊಡಿ. ಹಣ್ಣು ಇಳಿಸೋ ಹಾಗಿಲ್ಲ ಅಂತ ಈಗ ತಾನೇ ಓದಿದೆ, ಹಾಗಾಗಿ ಗ್ಲುಕೋಸ್ ಪೊಟ್ಟಣವೋ ಮುಚ್ಚಿದ ಬಿಸ್ಕತ್ತಿನ ಪ್ಯಾಕೆಟ್ಟೋ ಇಟ್ಟುಕೊಳ್ಳಿ.

ಇನ್ನೊಂದು. ಮನೆಗೆ ಬಂದ ಮೇಲೂ ನೆಲ ತೂಗಿದ ಹಾಗೆ ಅನ್ನಿಸೋದು ಸಹಜ. ಒಂದು ವಾರ ಓಲಾಟಕ್ಕೆ ಹೊಂದಿಕೊಂಡ ಮಿದುಳು ಗಟ್ಟಿ ನೆಲಕ್ಕೆ ಮತ್ತೆ ಹೊಂದಿಕೊಳ್ಳಬೇಕಲ್ಲ. ಬಹುಪಾಲು ಜನರಿಗೆ ಒಂದೆರಡು ದಿನದಲ್ಲಿ ಹೋಗ್ತದೆ. ನಮಗೆ ಅದೊಂದು ವಿಚಿತ್ರ ಅನುಭವ ಅಷ್ಟೇ, ಎಪ್ಪತ್ತು ದಾಟಿದವರಿಗೆ ಸ್ನಾನದ ಮನೆಯಲ್ಲಿ ಬೀಳೋದಕ್ಕೆ ಅಷ್ಟು ಸಾಕು. ಮೊದಲ ಎರಡು ರಾತ್ರಿ ದೀಪ ಉರಿಯಲಿ, ಎದ್ದು ಕೂತು ಒಂದು ನಿಮಿಷ ಬಿಟ್ಟು ನಿಲ್ಲಲಿ. ವಾರ ಕಳೆದರೂ ಹೋಗದಿದ್ದರೆ ತೋರಿಸಿ. ಮಾತು ತೊದಲೋದು, ಒಂದು ಕಡೆ ಬಲ ಕಡಿಮೆ ಆಗೋದು ಇದ್ದರೆ ಹಡಗಿನ ಕಾರಣ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಧಾರವಾಡದಾಂವ

ಅಕ್ಕಾರ, ನಿಮ್ಮ ಅಪ್ಪಾರ ಸುದ್ದಿ ಓದಿ ನಮ್ಮ ಅಜ್ಜನ ನೆನಪಾತು.

ನಮ್ದು ಅಲಾಸ್ಕಾ ಅಲ್ಲ, ಮುಂಬೈಯಿಂದ ಗೋವಾ ಮುಟ್ಟಿ ತಿರುಗಿ ಬರೂದು. ಅಜ್ಜಗ ಆವಾಗ 84. 70ರ ದಶಕದಾಗ ಮುಂಬೈದಾಗ ನೌಕರಿ ಇದ್ದಾಗ, ಪಣಜಿಗೆ ಹೋಗೂ ಸ್ಟೀಮರ್‌ನಾಗ ಊರಿಗೆ ಬರ್ತಿದ್ರಂತ. ಡೆಕ್ಕಿನ ಮ್ಯಾಲೆ ಜಮಖಾನಿ ಹಾಸಿ, ಬುತ್ತಿ ಬಿಚ್ಚಿ, ರಾತ್ರಿ ಪೂರಾ ಮಾತು. ಪಣಜಿಯಿಂದ ಮುಂದ ಬಸ್ಸು. ಆ ಸ್ಟೀಮರ್ ನಿಂತು ಎಷ್ಟೋ ವರ್ಷ ಆತು.

ನಾವು ಬಾಲ್ಕನಿ ಇರೂ ಖೋಲಿ ತಗೊಂಡಿದ್ವಿ, ಅಜ್ಜ ಆರಾಮ ಇರ್ಲಿ ಅಂತ. ಕೊನೀ ರಾತ್ರಿ ಹನ್ನೆರಡಕ್ಕ ನೋಡ್ತೀನಿ, ಹಾಸಿಗಿ ಖಾಲಿ! ಎದಿ ಧಸಕ್ ಅಂತು. ಮ್ಯಾಲಿನ ಡೆಕ್ಕಿನಾಗ ಒಂದು ಕುರ್ಚಿ ಹಾಕ್ಕೊಂಡು ಶಾಲು ಹೊದ್ದು ಕುಂತಿದ್ರು. ಅವರ ಬಾಜೂಕ ರಾಯಚೂರು ಕಡೀಂದ ಬಂದ ಇನ್ನೊಬ್ಬ ಅಜ್ಜ. ಗುರ್ತಿಲ್ಲ ಪರಿಚಯಿಲ್ಲ, ಇಬ್ರೂ ದಡದ ದೀಪ ನೋಡ್ಕೋತ ಕುಂತಾರ. "ಅಜ್ಜಾ, ಥಂಡಿ ಅದ, ಒಳಗ ಬರ್ರಿ" ಅಂದೆ. "ಇನ್ನೊಂದ್ ಸಲ ಈ ದಂಡಿ ಮ್ಯಾಲೆ ಯಾವಾಗ ಹೋಗ್ತೀನೋ ತಮ್ಮಾ, ಕುಂದರ್ಲಿ ಬಿಡು" ಅಂದ್ರು. ನಾನೂ ಒಂದು ಕಂಬಳಿ ತಂದು ಕುಂತೆ. ಮುಂಜಾನೆ ಮುಂಬೈ ಕಾಣೂತನಕ ಮೂರೂ ಮಂದಿ ಮಾತಾಡಿದ್ವಿ. ಅಜ್ಜ ಆ ಮುಂದಿನ ಶ್ರಾವಣದಾಗ ತೀರ್ಕೊಂಡ್ರು.

ಪ್ಯಾಕಿಂಗ್ ನಮ್ಮಾಕಿ ಒಬ್ಬಾಕೀನ ಮಾಡಿದ್ಳು. ಅದನ್ನ ಆಕಿ ಒಂದ್ ಸಲಾನೂ ಎತ್ತಿ ಆಡಿಲ್ಲ, ಆ ಮಾತೂ ಇಲ್ಲಿ ಬರೀಬೇಕಾತು.

ಜಯನಗರದಜ್ಜಿ

ನನಗೆ 73. ಮೊಮ್ಮಗಳು ಟೈಪ್ ಮಾಡಿ ಕೊಡ್ತಿದ್ದಾಳೆ. ನಾವು ಸಿಂಗಪುರದಿಂದ ಪಿನಾಂಗ್, ಫುಕೆಟ್ ನೋಡಿಕೊಂಡು ಸಿಂಗಪುರಕ್ಕೇ ವಾಪಸ್ಸು ಬರೋ ಹಡಗಿನಲ್ಲಿ ಹೋಗಿದ್ವಿ.

ಮಗೂ, ನೀನು ತಪ್ಪು ಮಾಡಿದೆ ಅಂತ ಒದ್ದಾಡ್ತಿದ್ದೀಯ. ನಮ್ಮ ಕಡೆಯಿಂದ ಹೇಗಿರತ್ತೆ ಅಂತ ಹೇಳ್ತೀನಿ. ಮೊದಲ ಎರಡು ದಿನ ನಮಗೆ ಆ ಹಡಗಿನಲ್ಲಿ ಏನೂ ತಿಳಿಯಲ್ಲ. ಯಾವ ಲಿಫ್ಟು, ಯಾವ ಅಂತಸ್ತು, ಬಾಗಿಲಿಗೆ ಕಾರ್ಡು ಹೇಗೆ ಹಾಕೋದು, ಎಲ್ಲ ಹೊಸದು. ಎಲ್ಲದಕ್ಕೂ ನಿಮ್ಮನ್ನೇ ಕೇಳಬೇಕು, ಕೇಳೋಕೆ ಸಂಕೋಚ. ನಾಲ್ಕನೇ ದಿನದ ಹೊತ್ತಿಗೆ ಊಟದ ಹಾಲಿನ ಹುಡುಗ ನಮ್ಮ ಮುಖ ಗುರುತಿಟ್ಟು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದನ್ನ ತಾನೇ ತಂದಿಡ್ತಾನೆ. ಹಿಂದಿನ ರಾತ್ರಿಯೇ ಹೇಳಿಟ್ಟರೆ ಮಾಡಿ ಕೊಡ್ತಾರೆ, ಅದೂ ನಮಗೆ ಆಮೇಲೇ ಗೊತ್ತಾಗಿದ್ದು. ನಮ್ಮದೇ ಅಂತ ಒಂದು ಕುರ್ಚಿ, ಒಂದು ಕಿಟಕಿ ಆಗತ್ತೆ. ಅಷ್ಟರಲ್ಲಿ ಗಂಟು ಕಟ್ಟು ಅಂತೀರಿ. ಕೊನೇ ದಿನ ನಮಗೆ ಆ ಕುರ್ಚಿ ಬೇಕಾಗಿರತ್ತೆ, ಬೇರೇನಿಲ್ಲ.

ಇನ್ನೊಂದು ವಿಷಯ, ಇದು ಎಲ್ಲ ಮಕ್ಕಳಿಗೂ. ನನ್ನ ಪೆಟ್ಟಿಗೆ ನಾನೇ ಜೋಡಿಸ್ತೀನಿ. ಸೊಸೆ ಬಹಳ ಒಳ್ಳೆಯವಳು, ನಿಮಗೆ ಬೆನ್ನು ನೋವು ಅತ್ತೆ, ಕೂತಿರಿ ಅಂತ ಎಲ್ಲ ತಾನೇ ಮಡಿಸಿಟ್ಟಳು. ಎರಡು ದಿನ ನನ್ನ ಜಪಸರ ಸಿಗಲಿಲ್ಲ. ನಿಧಾನ ಆದರೂ ನಮ್ಮ ಸಾಮಾನು ನಮ್ಮ ಕೈಯಲ್ಲಿ ಆಗಲಿ, ಬೆಳಿಗ್ಗೆ ಹತ್ತಕ್ಕೇ ಶುರು ಮಾಡಿಸಿ. ಭಾರ ಎತ್ತೋದು ಮಾತ್ರ ನಿಮ್ಮದು.

ನಿಮ್ಮಮ್ಮ ವಿಕ್ಟೋರಿಯಾ ನೋಡಿ ಏನಂದರು? ಅದನ್ನ ನೀನು ಬರೆದಿಲ್ಲ.

ಮಲೆನಾಡ ಮಗಳು, ಬಾಥೆಲ್

ಅಜ್ಜೀ, ನೀವು ಕೇಳಿದ ಮೇಲೆ ಹೊಳೀತು, ಅಮ್ಮನ ವಿಷಯ ನಾನು ಬರೆದೇ ಇಲ್ಲ.

ಅಮ್ಮನಿಗೆ ಇಡೀ ಪ್ರವಾಸದಲ್ಲಿ ಬಹಳ ಇಷ್ಟ ಆದದ್ದೇ ವಿಕ್ಟೋರಿಯಾ. ಹಗಲೆಲ್ಲ ತಲೆ ಎತ್ತದೆ ಮಲಗಿದ್ದವರು ನೆಲ ಮುಟ್ಟಿದ ಕೂಡಲೇ ಸರಿಹೋದರು. ದೀಪದ ಕಂಬ ಕಂಬಕ್ಕೂ ಹೂವಿನ ಬುಟ್ಟಿ ನೇತುಹಾಕಿದ್ದಾರೆ ಅಲ್ಲಿ. ಕತ್ತಲಾದ ಮೇಲೆ ಶಾಸನಸಭೆಯ ಕಟ್ಟಡಕ್ಕೆ ಅಂಚು ಅಂಚಿಗೂ ಸಾಲುದೀಪ ಹತ್ತಿತು. "ದೀಪಾವಳಿ ಕಣೇ" ಅಂತ ನನ್ನ ಕೈ ಹಿಡಿದು ನಿಂತರು. ಮಂಡಿ ನೋವಲ್ಲೂ ಬಂದರಿನ ಸುತ್ತ ನಡೆದರು. ಅಪ್ಪಯ್ಯನನ್ನು ಹಡಗಲ್ಲೇ ಬಿಟ್ಟು ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಇಬ್ಬರಿಗೂ ಬೇಕಾದ್ದು ಆಗ್ತಿತ್ತು. ಆರು ಜನ ಒಟ್ಟಿಗೇ ಇರಬೇಕು ಅಂತ ನಾನು ಹಟ ಹಿಡಿದೆ, ಇನ್ನು ಎರಡು ತಿಂಗಳಿಗೆ ಹೊರಟುಬಿಡ್ತಾರಲ್ಲ ಅಂತ. ಅದನ್ನು ಅವರಿಗೆ ಹೇಳಲಿಲ್ಲ, ಬರೀ ಗಡಿಬಿಡಿ ಮಾಡಿದೆ.

ಧಾರವಾಡದ ಅಣ್ಣ, ನಿಮ್ಮ ಅಜ್ಜನ ಮಾತು ನಮ್ಮವರಿಗೆ ಓದಿ ಹೇಳುವಾಗ ಗಂಟಲು ಕಟ್ಟಿತು. ಕುಂದಾಪುರದ ತಮ್ಮ, ನಮ್ಮ ಕ್ಯಾಬಿನ್ ನೋಡಿಕೊಂಡ ಹುಡುಗ ಇಂಡೋನೇಷ್ಯಾದವನು. ಉಂಡ್ಯಾ ಅಂತ ನಾನು ಕೇಳಲಿಲ್ಲ. ಅಮ್ಮ ಕೇಳಿದ್ದರಂತೆ, ಕೈಸನ್ನೆಯಲ್ಲಿ.

ಕುಂದಾಪ್ರದ್ ಗಂಡ್

ಅಮ್ಮಂದಿರು ಕೇಂಬುದೇ ಹಾಂಗೆ. ಅವನಿಗೆ ಅರ್ಥ ಆಯಿತ್ ಅಕ್ಕ.

ಮೈಸೂರು ಡಾಕ್ಟರಮ್ಮ

ಆ ನೋಟ್‌ಬುಕ್ಕಿನ ಕೊನೇ ಸಾಲು ಏನಾಯ್ತು? ಅದನ್ನು ಹೇಳದೆ ಹೋಗಬೇಡಿ.

ಮಲೆನಾಡ ಮಗಳು, ಬಾಥೆಲ್

ಹೇಳ್ತೇನೆ. ನಿನ್ನೆ ರಾತ್ರಿ ಗೊತ್ತಾಯ್ತು.

ಕೊನೇ ದಿನ ಮಧ್ಯಾಹ್ನ 12ಕ್ಕೆ ನಾನು ಬಟ್ಟೆ ಮಡಿಸ್ತಿದ್ದಾಗ 9 ವರ್ಷದ ಮಗ ಟಿವಿ ಮುಂದೆ ಇದ್ದ. ಕಾರ್ಟೂನ್ ನೋಡ್ತಿದ್ದಾನೆ ಅಂದುಕೊಂಡಿದ್ದೆ. ಅಜ್ಜ ಡೆಕ್ಕಲ್ಲಿದ್ದಾರೆ, ಹೊತ್ತು ಮೀರ್ತದೆ ಅಂತ ಇವನೇ ಆ ಅಂಕಿಗಳನ್ನು ಹಡಗಿನವರು ಕೊಟ್ಟ ಇಳಿಯೋ ಸೂಚನೆಯ ಹಾಳೆ ಹಿಂದೆ ಬರೆದು ಜೇಬಿಗೆ ಹಾಕಿಕೊಂಡಿದ್ದ. ಆಮೇಲೆ ಮರೆತೂ ಬಿಟ್ಟಿದ್ದ. ಒಗೆಯೋಕೆ ಹಾಕುವಾಗ ಜಾಕೆಟ್ಟಿನಲ್ಲಿ ಸಿಕ್ಕಿತು. ಅಪ್ಪಯ್ಯನ ಕೈಗೆ ಕೊಟ್ಟೆ. ಕನ್ನಡಕ ಹಾಕಿ ನೋಡಿ, "ಅಕ್ಷಾಂಶ ರೇಖಾಂಶ ಎರಡೂ ಬರ್ದಿದಾನೆ, ಉಷ್ಣಾಂಶನೂ ಬರ್ದಿದಾನೆ" ಅಂದರು. ಅವನನ್ನೇ ಕರೆದು ನೋಟ್‌ಬುಕ್ಕಿನಲ್ಲಿ ಆ ಸಾಲು ಬರೆಸಿದರು. ಕಂಡದ್ದು ಅನ್ನೋ ಕಾಲಮ್ಮಿನಲ್ಲಿ ಅವನು ಕನ್ನಡದಲ್ಲಿ 'ನೀರು' ಅಂತ ಬರೆದಿದ್ದಾನೆ.

ಈಗ ಆ ಪುಟದಲ್ಲಿ ಜೂನೋ 58.3, ಕೆಚಿಕನ್ 55.3, ವಿಕ್ಟೋರಿಯಾ 48.4, ಸಿಯಾಟಲ್ 47.6 ಇದೆ. ಅದರ ಕೆಳಗೆ ಅಪ್ಪಯ್ಯ ತಾವೇ ಒಂದು ಸಾಲು ಸೇರಿಸಿದ್ದಾರೆ: ತೀರ್ಥಹಳ್ಳಿ 13.7. ಮಳೆ ಕಾಲಂ ಖಾಲಿ.

ಅಡಿಕೆ ತೋಟ, ತೀರ್ಥಹಳ್ಳಿ

ಇಷ್ಟು ದಿನ ಓದಿಕೊಂಡಷ್ಟೇ ಇದ್ದೆ. ನಮ್ಮ ಅಂಗಳದಲ್ಲಿ ಮಳೆ ಮಾಪಕ ಇದೆ, ಅಪ್ಪನ ಕಾಲದಿಂದ ದಿನಾ ಬೆಳಿಗ್ಗೆ 8:30ಕ್ಕೆ ಅಳೆದು ಬರೆದಿಡ್ತೇವೆ. ಈಗ ಹೊರಗೆ ಸುರೀತಾ ಇದೆ. ನಾಳೆ ಬೆಳಿಗ್ಗೆ ಅಳೆದು ಇಲ್ಲೇ ಹಾಕ್ತೇನೆ, ಮೇಷ್ಟ್ರಿಗೆ ತಿಳಿಸಿ.

ಮಲೆನಾಡ ಮಗಳು, ಬಾಥೆಲ್

ತಿಳಿಸಿದೆ. ಪೆನ್ನು ಹುಡುಕೋಕೆ ಎದ್ದಿದ್ದಾರೆ. ಮಿಲಿಮೀಟರಿನಲ್ಲೇ ಹಾಕಬೇಕಂತೆ, ಇಂಚಿನಲ್ಲಿ ಬೇಡವಂತೆ.